ಒಂದು ಸೊನ್ನೆ, ಎರಡು ಸೊನ್ನೆ ಮತ್ತು ದಾಸ್ತೋವ್‌ಸ್ಕಿ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನಚಿತ್ರ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಈ ಶಾಲೆಯಲ್ಲೇ ಓದಿ, ಮುಂದೆ ಇಲ್ಲೇ ಹನ್ನೊಂದು ವರ್ಷ ಗಣಿತ ಪಾಠ ಮಾಡಿದವನು ನಾನು. ರಾಮಾನುಜನ್ ಬಗ್ಗೆಯೋ ಭಾಸ್ಕರಾಚಾರ್ಯರ ಬಗ್ಗೆಯೋ ಬರೆಯುತ್ತೇನೆಂದು ಅವರು ಎಣಿಸಿದ್ದರು. ನಾನೂ ಹಾಗೆಯೇ ಅಂದುಕೊಂಡು ಟಿಪ್ಪಣಿ ಮಾಡಲು ಕುಳಿತಿದ್ದೆ. ಅಷ್ಟರಲ್ಲಿ ಒಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ.

ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ತೊಂಬತ್ತರ ಮೇಲೆ ಅಂಕ ತೆಗೆದಿದ್ದ ಹುಡುಗ. ಈಗ ಪಟ್ಟಣದಲ್ಲಿ ನೌಕರಿ. ಕಾಫಿ ಕುಡಿದು, ಊರಿನ ಮಳೆ ಬೆಳೆ ವಿಚಾರಿಸಿ, ಬಹಳ ಹೊತ್ತಾದ ಮೇಲೆ ಒಂದು ಪ್ರಶ್ನೆ ಕೇಳಿದ. ಮೊಬೈಲಿನಲ್ಲಿ ಆಡುವ ರೂಲೆಟ್ ಚಕ್ರದಲ್ಲಿ ಯುರೋಪಿಯನ್, ಅಮೆರಿಕನ್, ಫ್ರೆಂಚ್ ಎಂದು ಮೂರು ಬಗೆಯಿವೆಯಂತೆ, ಸಾರ್, ಲೆಕ್ಕದ ಪ್ರಕಾರ ಯಾವುದು ಒಳ್ಳೆಯದು ಎಂದು ಕೇಳಿದ. ಸಾಮಾನ್ಯ ಜ್ಞಾನಕ್ಕೆ ಕೇಳುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಒಂದೊಂದೇ ಹೊರಬಿತ್ತು. ಎಂಟು ತಿಂಗಳ ಸಂಬಳ ಹೋಗಿತ್ತು. ತಾಯಿಯ ಎರಡೆಳೆ ಸರ ಗಿರವಿಯಲ್ಲಿತ್ತು. ತಾಯಿಗೆ ಅದು ಬ್ಯಾಂಕಿನ ಲಾಕರಿನಲ್ಲಿದೆ ಎಂದು ಹೇಳಿದ್ದಾನೆ.

ಅವನಿಗೆ ಸಂಭವನೀಯತೆಯ ಅಧ್ಯಾಯ ಕಲಿಸಿದವನು ನಾನೇ. ನಾಣ್ಯ ಚಿಮ್ಮಿಸಿ, ದಾಳ ಉರುಳಿಸಿ, ಇಸ್ಪೀಟಿನ ಎಲೆ ಎಳೆಸಿ ಕಲಿಸಿದ್ದೆ. ಪಠ್ಯಪುಸ್ತಕದ ನಾಣ್ಯಗಳೆಲ್ಲ ನ್ಯಾಯದ ನಾಣ್ಯಗಳು. ಆಟ ಆಡಿಸುವವನು ಒಬ್ಬನಿರುತ್ತಾನೆ, ಅವನಿಗೂ ಒಂದು ಪಾಲು ಇರುತ್ತದೆ ಎಂಬುದನ್ನು ನಾನು ಯಾವ ವರ್ಷವೂ ಹೇಳಿಕೊಟ್ಟಿರಲಿಲ್ಲ. ಅವನ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ನನಗೆ ನೆನಪಾದದ್ದು ರಾಮಾನುಜನ್ ಅಲ್ಲ, ರಷ್ಯದ ಕಾದಂಬರಿಕಾರ ಫ್ಯೋದರ್ ದಾಸ್ತೋವ್‌ಸ್ಕಿ. ಹಾಗಾಗಿ ಈ ಲೇಖನ. ಸಮಿತಿಯವರು ಮನ್ನಿಸಬೇಕು. ಅಷ್ಟು ದೊಡ್ಡವನನ್ನು ಏಕವಚನದಲ್ಲಿ ಬರೆಯುತ್ತಿರುವುದು ಅಗೌರವದಿಂದಲ್ಲ. ನಲವತ್ತು ವರ್ಷ ಒಬ್ಬನ ಪುಸ್ತಕ ಓದಿದರೆ ಸಲಿಗೆ ಬರುತ್ತದೆ.

ದಾಸ್ತೋವ್‌ಸ್ಕಿ ಹುಟ್ಟಿದ್ದು 1821ರಲ್ಲಿ, ಮಾಸ್ಕೋದಲ್ಲಿ. ತಂದೆ ಬಡವರ ಆಸ್ಪತ್ರೆಯೊಂದರ ವೈದ್ಯ. ಮನೆಯೂ ಆ ಆಸ್ಪತ್ರೆಯ ಆವರಣದಲ್ಲೇ. ಹದಿನಾರು ತುಂಬುವ ಮೊದಲೇ ತಾಯಿ ತೀರಿಕೊಂಡಳು. ಎರಡು ವರ್ಷದಲ್ಲಿ ತಂದೆಯೂ ಹೋದ. ಪೀಟರ್ಸ್‌ಬರ್ಗಿನ ಸೈನಿಕ ಎಂಜಿನಿಯರಿಂಗ್ ಶಾಲೆಯಲ್ಲಿ ಓದಿದವನು ಅವನು. ಅಂದರೆ ಗಣಿತ ಬಾರದ ಮನುಷ್ಯನಲ್ಲ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕೆಲಸ ಬಿಟ್ಟು ಬರೆಯಲು ಕುಳಿತ. 1846ರಲ್ಲಿ ಬಂದ ಮೊದಲ ಕಾದಂಬರಿಯೇ ಹೆಸರು ತಂದಿತು.

1849ರಲ್ಲಿ, ಸರ್ಕಾರಕ್ಕೆ ಹಿಡಿಸದ ವಿಚಾರಗಳನ್ನು ಓದಿ ಚರ್ಚಿಸುತ್ತಿದ್ದ ಗುಂಪಿನಲ್ಲಿದ್ದ ಎಂಬ ಆರೋಪದ ಮೇಲೆ ಅವನನ್ನು ಹಿಡಿದರು. ಎಂಟು ತಿಂಗಳು ಕೋಟೆಯ ಸೆರೆಮನೆ. ಡಿಸೆಂಬರಿನ ಚಳಿಯಲ್ಲಿ ಒಂದು ಬೆಳಿಗ್ಗೆ ಮೈದಾನಕ್ಕೆ ಕರೆತಂದು ಮರಣದಂಡನೆ ಓದಿ ಹೇಳಿದರು. ಮೊದಲ ಮೂವರನ್ನು ಕಂಬಕ್ಕೆ ಕಟ್ಟಿದರು. ಮುಂದಿನ ಸರದಿ ಇವನದು. ಬಂದೂಕು ಎತ್ತಿದ ಮೇಲೆ, ಚಕ್ರವರ್ತಿ ಜೀವದಾನ ಮಾಡಿದ್ದಾನೆಂಬ ಆಜ್ಞೆ ಬಂತು. ಅದೆಲ್ಲ ಮೊದಲೇ ಗೊತ್ತುಮಾಡಿದ್ದ ನಾಟಕ. ನಾಲ್ಕು ವರ್ಷ ಸೈಬೀರಿಯದ ಓಮ್ಸ್ಕ್‌ನಲ್ಲಿ ಕಾಲಿಗೆ ಬೇಡಿ ಹಾಕಿಕೊಂಡು ಕಠಿಣ ಶಿಕ್ಷೆ ಅನುಭವಿಸಿದ. ಆಮೇಲೆ ಕೆಲವು ವರ್ಷ ಕಡ್ಡಾಯ ಸಿಪಾಯಿಗಿರಿ. ಮೂರ್ಛೆರೋಗ ಅಂಟಿಕೊಂಡಿತು. ಪೀಟರ್ಸ್‌ಬರ್ಗಿಗೆ ಮರಳುವ ಹೊತ್ತಿಗೆ ಹತ್ತು ವರ್ಷ ಕಳೆದಿತ್ತು. ಒಂದೇ ಗಳಿಗೆಯಲ್ಲಿ ಸಾವು ತಪ್ಪಿ ಬದುಕು ಸಿಕ್ಕವನಿಗೆ, ಒಂದು ಗೋಲಿ ಉರುಳಿ ಅದೃಷ್ಟ ತಿರುಗುವ ಆಟ ಯಾಕೆ ಅಷ್ಟು ಹಿಡಿಸಿತೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇದು ನನ್ನ ಊಹೆ, ಅಷ್ಟೆ.

ಇಲ್ಲಿ ಕಥೆ ನಿಲ್ಲಿಸಿ ಆ ಚಕ್ರದ ವಿಚಾರ ಹೇಳಲೇಬೇಕು. ಅದಿಲ್ಲದೆ ಮುಂದಿನದು ಅರ್ಥವಾಗದು.

ರೂಲೆಟ್ ಎಂದರೆ ಅಡ್ಡವಾಗಿ ತಿರುಗುವ ಒಂದು ಚಕ್ರ. ಅದರ ಅಂಚಿನಲ್ಲಿ ಸಣ್ಣ ಸಣ್ಣ ಮನೆಗಳು. 1ರಿಂದ 36ರವರೆಗೆ ಅಂಕಿಗಳು, ಅರ್ಧ ಕೆಂಪು, ಅರ್ಧ ಕಪ್ಪು. ಚಕ್ರ ಒಂದು ಕಡೆಗೆ, ಗೋಲಿ ಇನ್ನೊಂದು ಕಡೆಗೆ. ಗೋಲಿ ಯಾವ ಮನೆಯಲ್ಲಿ ನಿಲ್ಲುತ್ತದೋ ಅದರ ಮೇಲೆ ಪಣವಿಟ್ಟವನಿಗೆ ಗೆಲುವು. ಒಂದೇ ಅಂಕಿಗೆ ಇಟ್ಟು ಗೆದ್ದರೆ ಒಂದಕ್ಕೆ 35 ಕೊಟ್ಟು, ಇಟ್ಟ ಪಣವನ್ನೂ ಮರಳಿಸುತ್ತಾರೆ. ಹನ್ನೆರಡು ಅಂಕಿಗಳ ಗುಂಪಿಗೆ ಇಟ್ಟರೆ ಒಂದಕ್ಕೆ ಎರಡು. ಕೆಂಪು ಅಥವಾ ಕಪ್ಪು, ಸಮ ಅಥವಾ ಬೆಸ, ಇವಕ್ಕೆ ಒಂದಕ್ಕೆ ಒಂದು. ಇಷ್ಟೇ ಆಗಿದ್ದರೆ ಅದು ಪಠ್ಯಪುಸ್ತಕದ ನ್ಯಾಯದ ಆಟ. 36 ಮನೆಗೂ ಒಂದೊಂದು ರೂಪಾಯಿ ಇಟ್ಟವನಿಗೆ 36 ರೂಪಾಯಿ ಹೋಗಿ 36 ರೂಪಾಯಿ ಬರುತ್ತಿತ್ತು. ಆದರೆ ಚಕ್ರದಲ್ಲಿ ಇನ್ನೂ ಒಂದು ಮನೆ ಇದೆ, ಸೊನ್ನೆ. ಅದು ಕೆಂಪೂ ಅಲ್ಲ ಕಪ್ಪೂ ಅಲ್ಲ, ಸಮವೂ ಅಲ್ಲ ಬೆಸವೂ ಅಲ್ಲ. (ಸೊನ್ನೆ ಸಮಸಂಖ್ಯೆ ಎಂದು ತರಗತಿಯಲ್ಲಿ ಕಲಿತದ್ದನ್ನು ಜೂಜುಕಟ್ಟೆಯವರು ಒಪ್ಪುವುದಿಲ್ಲ.) ಈಗ 37 ಮನೆಗೂ ಒಂದೊಂದು ರೂಪಾಯಿ ಇಟ್ಟರೆ ಹೋಗುವುದು 37, ಬರುವುದು 36. ಆ ಒಂದು ರೂಪಾಯಿಯೇ ಜೂಜುಕಟ್ಟೆಯ ಪಾಲು. ಶೇಕಡಾ 2.70.

ಪ್ಯಾರಿಸ್ಸಿನ ಹಳೆಯ ಚಕ್ರಗಳಲ್ಲಿ ಸೊನ್ನೆ ಎರಡಿದ್ದವು. ಒಂದು ಒಂಟಿ ಸೊನ್ನೆ, ಇನ್ನೊಂದು ಜೋಡಿ ಸೊನ್ನೆ. ಒಟ್ಟು 38 ಮನೆ. ಕೊಡುವ ಹಣ ಮಾತ್ರ ಅದೇ 35. ಆಗ 38 ಹೋಗಿ 36 ಬರುತ್ತದೆ. ಪಾಲು ಶೇಕಡಾ 5.26. 1837ರ ಕೊನೆಗೆ ಫ್ರಾನ್ಸಿನಲ್ಲಿ ಜೂಜುಕಟ್ಟೆಗಳಿಗೆ ಬೀಗ ಬಿತ್ತು. ಫ್ರಾನ್ಸ್ವಾ ಬ್ಲಾಂಕ್ ಮತ್ತು ಲೂಯಿ ಬ್ಲಾಂಕ್ ಎಂಬ ಸಹೋದರರು ಜರ್ಮನಿಯ ಹೋಂಬುರ್ಗ್ ಎಂಬ ಪುಟ್ಟ ಸಂಸ್ಥಾನಕ್ಕೆ ಹೋದರು. ಖನಿಜ ನೀರಿನ ಬುಗ್ಗೆಗಳಿಗೆ ರೋಗಿಗಳು ಬರುತ್ತಿದ್ದ ಊರು ಅದು. ಅಲ್ಲಿ ಜೂಜುಗೃಹ ತೆರೆದು, 1843ರಲ್ಲಿ ಎರಡು ಸೊನ್ನೆಗಳಲ್ಲಿ ಒಂದನ್ನು ತೆಗೆದುಹಾಕಿದರು. ತಮ್ಮ ಪಾಲನ್ನು ತಾವೇ ಅರ್ಧಕ್ಕೆ ಇಳಿಸಿಕೊಂಡರು. ದಾನಬುದ್ಧಿಯಿಂದಲ್ಲ, ಬೇರೆ ಊರುಗಳ ಗಿರಾಕಿಗಳನ್ನು ಸೆಳೆಯಲು. ಗಿರಾಕಿಗಳು ಬಂದರು, ಹೆಚ್ಚು ಹೊತ್ತು ಕುಳಿತರು. ಬ್ಲಾಂಕ್ ಕುಬೇರನಾದ. 1863ರಲ್ಲಿ ಮೊನಾಕೋದಲ್ಲಿ ಜೂಜು ನಡೆಸುವ ಹಕ್ಕು ಪಡೆದು ಮಾಂಟೆ ಕಾರ್ಲೋವನ್ನು ಬೆಳೆಸಿದವನೂ ಅವನೇ. ಇವತ್ತು ಯುರೋಪಿಯನ್ ಎಂದು ಕರೆಯುವ ಚಕ್ರ ಈ ಒಂಟಿ ಸೊನ್ನೆಯದು. ಅಮೆರಿಕದಲ್ಲಿ ಹಳೆಯ ಎರಡು ಸೊನ್ನೆಯೇ ಉಳಿಯಿತು. ಈಚೆಗೆ ಲಾಸ್ ವೇಗಸ್‌ನಲ್ಲಿ ಮೂರು ಸೊನ್ನೆಯ ಚಕ್ರಗಳೂ ಬಂದಿವೆ. 39 ಇಟ್ಟರೆ 36 ಬರುತ್ತದೆ, ಶೇಕಡಾ 7.69. ಅಲ್ಲೂ ಜನ ಕುಳಿತಿರುತ್ತಾರೆ.

ದಾಸ್ತೋವ್‌ಸ್ಕಿ ಈ ಚಕ್ರದ ಕೈಗೆ ಸರಿಯಾಗಿ ಸಿಕ್ಕಿದ್ದು 1863ರಲ್ಲಿ. ತಮ್ಮ ಪತ್ರಿಕೆಯನ್ನು ಸರ್ಕಾರ ನಿಲ್ಲಿಸಿತ್ತು. ಹೆಂಡತಿ ಮರಿಯಾಗೆ ಕ್ಷಯ. ಅಂಥ ಹೊತ್ತಿನಲ್ಲಿ ಪ್ಯಾರಿಸ್ಸಿಗೆ ಹೊರಟವನು ದಾರಿಯಲ್ಲಿ ವೀಸ್ಬಾಡೆನ್ ಎಂಬ ಊರಿನಲ್ಲಿ ಇಳಿದ. ಆಡಿದ, ಗೆದ್ದ. ಹತ್ತು ಸಾವಿರ ಫ್ರಾಂಕಿಗೂ ಹೆಚ್ಚು. ಹಣವನ್ನು ಚೀಲದಲ್ಲಿಟ್ಟು ಬೀಗ ಹಾಕಿದವನು, ಹಾಗೇ ರೈಲು ಹತ್ತಿದ್ದರೆ ಈ ಲೇಖನವೇ ಇರುತ್ತಿರಲಿಲ್ಲವೇನೋ. ಮತ್ತೆ ಹೋಗಿ ಅರ್ಧದಷ್ಟು ಕಳೆದ. ಉಳಿದದ್ದರಲ್ಲಿ ಒಂದು ಭಾಗವನ್ನು ಊರಿಗೆ ಕಳಿಸಿದ. ಕೆಲವೇ ವಾರಗಳಲ್ಲಿ ಬಾಡೆನ್-ಬಾಡೆನ್‌ನಲ್ಲಿ ಮಿಕ್ಕದ್ದನ್ನೂ ಕಳೆದು, ಊರಿಗೆ ಕಳಿಸಿದ್ದರಲ್ಲೇ ಒಂದಿಷ್ಟನ್ನು ವಾಪಸು ಕಳಿಸಿರೆಂದು ಪತ್ರ ಬರೆದ.

ಆ ಗೆಲುವಿನ ಹೊತ್ತಿನಲ್ಲಿ ಅವನಿಗೊಂದು ಸಿದ್ಧಾಂತ ಹೊಳೆದಿತ್ತು. ತಾನು ಗೆಲುವಿನ ಗುಟ್ಟು ಕಂಡುಕೊಂಡಿದ್ದೇನೆ, ಆಟದ ಯಾವ ಗಳಿಗೆಯಲ್ಲೂ ಉದ್ವೇಗಕ್ಕೆ ಒಳಗಾಗದೆ ತಲೆ ತಣ್ಣಗಿಟ್ಟುಕೊಂಡರೆ ಸೋಲುವುದೇ ಸಾಧ್ಯವಿಲ್ಲ ಎಂದು ನಂಬಿದ್ದ. ಸೋತಾಗೆಲ್ಲ ತನ್ನ ತಲೆ ಕಾದದ್ದೇ ಕಾರಣ ಎನ್ನುತ್ತಿದ್ದ. ಎಂಟು ವರ್ಷ ಈ ನಂಬಿಕೆ ಅಲುಗಲಿಲ್ಲ. ನನ್ನ ಮನೆಗೆ ಬಂದ ಹುಡುಗನೂ ಹೆಚ್ಚುಕಡಿಮೆ ಇದನ್ನೇ ಹೇಳಿದ. ಗೆಲ್ಲುತ್ತಿದ್ದಾಗ ನಿಲ್ಲಿಸಬೇಕಿತ್ತು ಸಾರ್, ಸಿಟ್ಟಿನಲ್ಲಿ ಆಡಿಬಿಟ್ಟೆ ಎಂದ. ತಲೆ ಕಾದರೆ ಬೇಗ ಸೋಲುತ್ತೇವೆ, ನಿಜ. ಆದರೆ 37 ಮನೆಗೆ 36 ಕೊಡುವ ಲೆಕ್ಕ ನಮ್ಮ ತಲೆಯಲ್ಲಿಲ್ಲ, ಚಕ್ರದಲ್ಲಿದೆ. ತಣ್ಣಗಿರುವವನಿಗೂ ಅದೇ ಲೆಕ್ಕ.

1864ರಲ್ಲಿ ಹೆಂಡತಿ ತೀರಿಕೊಂಡಳು. ಮೂರೇ ತಿಂಗಳಲ್ಲಿ ಪ್ರೀತಿಯ ಅಣ್ಣ ಮಿಖಾಯಿಲ್ ಹೋದ. ಅಣ್ಣನ ಸಾಲವನ್ನೂ ಅವನ ಸಂಸಾರವನ್ನೂ ಇವನು ಹೆಗಲಿಗೆ ಹಾಕಿಕೊಂಡ. ಸಾಲಗಾರರು ಜೈಲಿಗೆ ಹಾಕಿಸುತ್ತೇವೆಂದರು. ಆಗ ಸ್ತೆಲ್ಲೋವ್‌ಸ್ಕಿ ಎಂಬ ಪ್ರಕಾಶಕ ಮೂರು ಸಾವಿರ ರೂಬಲ್ ಕೊಟ್ಟು ಕರಾರು ಬರೆಸಿಕೊಂಡ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡಬೇಕು. ತಪ್ಪಿದರೆ ಮುಂದಿನ ಒಂಬತ್ತು ವರ್ಷ ಇವನು ಬರೆಯುವುದೆಲ್ಲ ಬಿಟ್ಟಿಯಾಗಿ ಆ ಪ್ರಕಾಶಕನದು. ಜೀತದ ಚೀಟಿಯಂಥ ಕರಾರು. ಬಂದ ಹಣದ ಬಹುಪಾಲು ಸಾಲಗಾರರಿಗೆ ಹೋಯಿತು. ಉಳಿದ ಚೂರನ್ನು ಹಿಡಿದು ಮತ್ತೆ ವೀಸ್ಬಾಡೆನ್‌ಗೆ ಹೋದ. ಐದು ದಿನದಲ್ಲಿ ಗಡಿಯಾರದ ಸಮೇತ ಎಲ್ಲ ಮುಗಿಯಿತು.

ಹೋಟೆಲಿನವರು ಊಟ ನಿಲ್ಲಿಸಿ ಬರೀ ಟೀ ಕೊಟ್ಟರು. ರಾತ್ರಿ ಮೇಣದ ಬತ್ತಿಯನ್ನೂ ಕೊಡಲಿಲ್ಲ. ತಾನು ಉಪವಾಸವೆಂದು ಯಾರಿಗೂ ತಿಳಿಯಬಾರದೆಂದು ದಿನಾ ಮಧ್ಯಾಹ್ನ ಮೂರಕ್ಕೆ ಎದ್ದು ಹೊರಗೆ ಹೋಗಿ, ಎಲ್ಲೋ ಉಂಡು ಬಂದವನಂತೆ ಆರಕ್ಕೆ ಮರಳುತ್ತಿದ್ದ. ಹೆಚ್ಚು ಅಲ್ಲಾಡಿದರೆ ಹಸಿವಾಗುತ್ತದೆಂದು ಮಿಕ್ಕ ಹೊತ್ತು ಕುಳಿತು ಓದುತ್ತಿದ್ದ. ಸಹ ಲೇಖಕ ತುರ್ಗೇನೆವ್‌ಗೆ ನೂರು ಥಾಲರ್ ಕೇಳಿ ಬರೆದ, ಐವತ್ತು ಬಂತು. ಅದೇ ಕೋಣೆಯಿಂದ ಒಂದು ಪತ್ರಿಕೆಯ ಸಂಪಾದಕನಿಗೆ ಹೊಸ ಕಥೆಯ ವಸ್ತುವನ್ನು ವಿವರಿಸಿ, ಮುಂಗಡ ಕೇಳಿ ಪತ್ರ ಬರೆದ. ಬಡ ವಿದ್ಯಾರ್ಥಿಯೊಬ್ಬ ಗಿರವಿ ಹಿಡಿಯುವ ಮುದುಕಿಯನ್ನು ಕೊಲ್ಲುವ ಕಥೆ. ಅದೇ ಅಪರಾಧ ಮತ್ತು ಶಿಕ್ಷೆ.

ಆ ದೊಡ್ಡ ಕಾದಂಬರಿಯಲ್ಲಿ ಮುಳುಗಿದವನಿಗೆ ಕರಾರಿನ ಕಾದಂಬರಿ ಬರೆಯಲು ಆಗಲೇ ಇಲ್ಲ. 1866ರ ಅಕ್ಟೋಬರ್ ಬಂತು. ಉಳಿದದ್ದು ನಾಲ್ಕು ವಾರ. ಸ್ನೇಹಿತರ ಸಲಹೆಯಂತೆ ಶೀಘ್ರಲಿಪಿ ಬಲ್ಲ ಒಬ್ಬ ಹುಡುಗಿಯನ್ನು ಗೊತ್ತುಮಾಡಿಕೊಂಡ. ಹೆಸರು ಆನ್ನಾ ಗ್ರಿಗೋರ್ಯೆವ್ನಾ, ವಯಸ್ಸು ಇಪ್ಪತ್ತು. ಮಧ್ಯಾಹ್ನ ಅವನು ಹೇಳುವುದು, ಆಕೆ ಬರೆದುಕೊಳ್ಳುವುದು. ರಾತ್ರಿ ಆಕೆ ಮನೆಯಲ್ಲಿ ಅದನ್ನು ಬಿಡಿಸಿ ಬರೆಯುವುದು. 26 ದಿನದಲ್ಲಿ ಕಾದಂಬರಿ ಮುಗಿಯಿತು. ಪ್ರಕಾಶಕ ಬೇಕೆಂದೇ ಊರು ಬಿಟ್ಟಿದ್ದ. ಆದರೆ ಹಸ್ತಪ್ರತಿಯನ್ನು ಪೊಲೀಸ್ ಅಧಿಕಾರಿಯ ಬಳಿ ಒಪ್ಪಿಸಿ, ತಾರೀಕು ಹಾಕಿಸಿ ರಸೀದಿ ಪಡೆದುಕೊಂಡರು. ಆ ಕಾದಂಬರಿಯ ಹೆಸರು ಜೂಜುಗಾರ. ಮಾರನೆಯ ವರ್ಷ ಅವರಿಬ್ಬರ ಮದುವೆಯಾಯಿತು.

ಜೂಜುಗಾರದಲ್ಲಿ ಒಬ್ಬ ಶ್ರೀಮಂತ ಅಜ್ಜಿ ಬರುತ್ತಾಳೆ. ಚಕ್ರವನ್ನು ಅದೇ ಮೊದಲು ನೋಡಿದವಳು ಸೊನ್ನೆಯ ಮೇಲೇ ಪಣ ಇಡುತ್ತೇನೆಂದು ಹಟ ಹಿಡಿಯುತ್ತಾಳೆ. ಸೊನ್ನೆ ಬೀಳುತ್ತದೆ, ಮತ್ತೆ ಬೀಳುತ್ತದೆ. ದುಡ್ಡಿನ ರಾಶಿ. ಮತ್ತೆ ಬಂದು ರಾಶಿಯನ್ನೂ ಕಳೆದು, ಮನೆಯಿಂದ ತಂದದ್ದನ್ನೂ ಕಳೆಯುತ್ತಾಳೆ. ಸೊನ್ನೆಯ ಮೇಲೆ ಇಟ್ಟರೆ ಸೊನ್ನೆಯಿಂದ ತಪ್ಪಿಸಿಕೊಳ್ಳಬಹುದೆಂದು ನಮ್ಮಲ್ಲೂ ಕೆಲವರು ತಿಳಿಯುತ್ತಾರೆ. ಅದೂ 37ರಲ್ಲಿ ಒಂದು ಮನೆ, ಅದಕ್ಕೂ 35 ಮಾತ್ರ. ಬೇರೆ ಅಂಕಿಗೂ ಅದಕ್ಕೂ ವ್ಯತ್ಯಾಸವಿಲ್ಲ.

ಆ ಕಾದಂಬರಿಯಲ್ಲೇ, ಸೊನ್ನೆ ಬಿದ್ದಾಗ ಲೆಕ್ಕ ಸರಿಮಾಡಿಕೊಳ್ಳಲು ಮತ್ತೊಂದು ಸುತ್ತು ಕೊಡುವ ಮಾತು ಬರುತ್ತದೆ. ಫ್ರೆಂಚ್ ಎಂದು ಹುಡುಗ ಕೇಳಿದ ಬಗೆ ಇದೇ ಜಾತಿಯದು. ಚಕ್ರ ಒಂಟಿ ಸೊನ್ನೆಯದೇ, ನಿಯಮ ಮಾತ್ರ ಬೇರೆ. ಕೆಂಪು-ಕಪ್ಪು, ಸಮ-ಬೆಸದಂಥ ಪಣ ಇಟ್ಟವರಿಗೆ ಸೊನ್ನೆ ಬಿದ್ದಾಗ ಅರ್ಧ ಪಣ ಮರಳಿಸುತ್ತಾರೆ. ಇಲ್ಲವೇ ಪಣವನ್ನು ಸೆರೆಯಲ್ಲಿಟ್ಟು, ಮುಂದಿನ ಸುತ್ತಿನಲ್ಲಿ ನಮ್ಮ ಬಣ್ಣ ಬಂದರೆ ಲಾಭವಿಲ್ಲದೆ ಬಿಡಿಸಿಕೊಡುತ್ತಾರೆ. ಅರ್ಧ ಮರಳಿಸುವಲ್ಲಿ ಜೂಜುಕಟ್ಟೆಯ ಪಾಲು ಶೇಕಡಾ 1.35ಕ್ಕೆ ಇಳಿಯುತ್ತದೆ, ಸೆರೆಯ ನಿಯಮದಲ್ಲೂ ಹೆಚ್ಚುಕಡಿಮೆ ಅಷ್ಟೇ. ಒಂದೇ ಅಂಕಿಗೆ, ಹನ್ನೆರಡರ ಗುಂಪಿಗೆ ಇಟ್ಟವರಿಗೆ ಈ ರಿಯಾಯಿತಿ ಇಲ್ಲ. ಅಮೆರಿಕನ್ ಮೇಜಿನಲ್ಲಾದರೆ ಎರಡು ಸೊನ್ನೆ ಮತ್ತು 1, 2, 3 ಸೇರಿಸಿ ಐದು ಮನೆಗೆ ಒಟ್ಟಿಗೆ ಇಡುವ ಪಣವೊಂದಿದೆ. ಅದಕ್ಕೆ ಒಂದಕ್ಕೆ ಆರು ಕೊಡುತ್ತಾರೆ. ಆ ಮೇಜಿನಲ್ಲಿ ಅತ್ಯಂತ ಕೆಟ್ಟದ್ದು ಅದೇ, ಶೇಕಡಾ 7.89.

ಹಾಗಾದರೆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತಲ್ಲ? ಫ್ರೆಂಚ್ ಒಳ್ಳೆಯದು, ಅಮೆರಿಕನ್ ಕೆಟ್ಟದ್ದು. ಅವನೂ ಹಾಗೇ ತಲೆಯಾಡಿಸಿದ. ಆಗ ಹಳೆಯ ಅಭ್ಯಾಸದಂತೆ ಕಾಗದ, ಪೆನ್ಸಿಲು ತರಿಸಿ ಅವನ ಕೈಯಲ್ಲೇ ಲೆಕ್ಕ ಮಾಡಿಸಿದೆ.

ನಿನ್ನ ಹತ್ತಿರ ಒಂದು ರೂಪಾಯಿ ಇದೆ, ಎರಡು ಮಾಡಬೇಕು. ಕೆಂಪಿಗೆ ಇಡು. ಒಂಟಿ ಸೊನ್ನೆಯಲ್ಲಿ ಗೆಲ್ಲುವ ಸಂಭವ ನೂರಕ್ಕೆ 48.6, ಜೋಡಿ ಸೊನ್ನೆಯಲ್ಲಿ 47.4. ನಾಣ್ಯ ಚಿಮ್ಮಿದಷ್ಟೇ ಸರಿ ಎನ್ನಿಸುತ್ತದೆ. ಈಗ ಹತ್ತು ರೂಪಾಯಿ ಇದೆ, ಒಂದೊಂದೇ ರೂಪಾಯಿ ಇಡುತ್ತಾ ಇಪ್ಪತ್ತು ಮಾಡಬೇಕು, ಇಲ್ಲವೇ ಬರಿಗೈ. ಒಂಟಿ ಸೊನ್ನೆಯಲ್ಲಿ ನೂರಕ್ಕೆ ಸುಮಾರು 37 ಜನ ಇಪ್ಪತ್ತು ಮುಟ್ಟುತ್ತಾರೆ, ಜೋಡಿಯಲ್ಲಿ 26. ಈಗ ನೂರು ರೂಪಾಯಿ ಹಿಡಿದು, ಹಾಗೆಯೇ ಒಂದೊಂದು ರೂಪಾಯಿಯಂತೆ ಇನ್ನೂರು ಮಾಡಲು ಕುಳಿತುಕೋ. ನ್ಯಾಯದ ನಾಣ್ಯವಾದರೆ ಈಗಲೂ ಇಬ್ಬರಲ್ಲಿ ಒಬ್ಬ ಗೆಲ್ಲುತ್ತಾನೆ. ಒಂಟಿ ಸೊನ್ನೆಯಲ್ಲಿ 224 ಜನರಲ್ಲಿ ಒಬ್ಬ. ಜೋಡಿ ಸೊನ್ನೆಯಲ್ಲಿ ಸುಮಾರು 37,600 ಜನರಲ್ಲಿ ಒಬ್ಬ. ಒಂದು ಸಣ್ಣ ಪಟ್ಟಣಕ್ಕೆ ಒಬ್ಬ.

ಹುಡುಗ ಪೆನ್ಸಿಲು ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ಒಂದು ಸುತ್ತಿನಲ್ಲಿ ಕಣ್ಣಿಗೇ ಕಾಣದ ವ್ಯತ್ಯಾಸ ಕುಳಿತಷ್ಟೂ ಬೆಳೆಯುತ್ತದೆ. ಬ್ಲಾಂಕ್‌ಗೆ ಇದು ಗೊತ್ತಿತ್ತು. ಅವನಿಗೆ ಬೇಕಾದ್ದು ಒಂದು ಸುತ್ತಿನ ದೊಡ್ಡ ಪಾಲಲ್ಲ, ಗಿರಾಕಿ ಎದ್ದು ಹೋಗದಿರುವುದು. ಇನ್ನೊಂದನ್ನೂ ಹುಡುಗನಿಗೆ ಹೇಳಿದೆ. ನಿಜವಾದ ಮೇಜಿನಲ್ಲಿ ಗಂಟೆಗೆ ನಲವತ್ತು ಸುತ್ತು ತಿರುಗುತ್ತದೆ ಎಂದಿಟ್ಟುಕೋ. ಜೋಡಿ ಸೊನ್ನೆಯಾದರೂ ಸುತ್ತಿಗೆ ಒಂದು ರೂಪಾಯಿಯಂತೆ ಆಡಿದವನು ಸರಾಸರಿ ಎರಡು ರೂಪಾಯಿ ಕಳೆಯುತ್ತಾನೆ. ಮೊಬೈಲಿನಲ್ಲಿ ಬೆರಳು ಒತ್ತುತ್ತಾ ಗಂಟೆಗೆ ಮುನ್ನೂರು ಸುತ್ತು ಆಡಿದರೆ ಒಂಟಿ ಸೊನ್ನೆಯಲ್ಲೂ ಎಂಟು ರೂಪಾಯಿ ಹೋಗುತ್ತದೆ. ಅವನು ಗಂಟೆಗೆ ಎಷ್ಟು ಆಡುತ್ತಿದ್ದನೆಂದು ನಾನು ಕೇಳಲಿಲ್ಲ.

ಸೋತಾಗ ಪಣ ಇಮ್ಮಡಿ ಮಾಡುತ್ತಾ ಹೋಗುವ ಉಪಾಯವನ್ನೂ ಅವನು ಮಾಡಿ ನೋಡಿದ್ದ. ಒಂದು, ಎರಡು, ನಾಲ್ಕು, ಎಂಟು. ಯಾವಾಗ ಗೆದ್ದರೂ ಒಟ್ಟಿನಲ್ಲಿ ಒಂದು ರೂಪಾಯಿ ಲಾಭ. ಸತತವಾಗಿ ಹತ್ತು ಸಲ ಸೋತರೆ ಮಾತ್ರ 1,023 ರೂಪಾಯಿ ಹೋಗುತ್ತದೆ. ನ್ಯಾಯದ ನಾಣ್ಯದಲ್ಲಿ ಹಾಗಾಗುವುದು ಸರಾಸರಿ 1,024 ಸರದಿಗೆ ಒಂದು ಸಲ. 1,023 ಸಲ ಒಂದೊಂದು ರೂಪಾಯಿ ಗೆದ್ದು, ಒಂದು ಸಲ 1,023 ಸೋತು, ಲೆಕ್ಕ ಸರಿಹೋಗುತ್ತದೆ. ಒಂಟಿ ಸೊನ್ನೆಯಲ್ಲಿ ಅದು 784 ಸರದಿಗೆ ಒಮ್ಮೆ. ಅಂದರೆ ಗಳಿಸಿದ್ದು 783, ಕಳೆದದ್ದು 1,023. ಜೋಡಿ ಸೊನ್ನೆಯಲ್ಲಿ 613ಕ್ಕೆ ಒಮ್ಮೆ, ಗಳಿಸಿದ್ದು 612. ಈ ಲೆಕ್ಕವನ್ನು ತರಗತಿಯಲ್ಲಿ ಒಂದು ಸಲವಾದರೂ ಮಾಡಿಸಿದ್ದರೆ ಎಂದು ಈಗ ಅನ್ನಿಸುತ್ತದೆ.

ದಾಸ್ತೋವ್‌ಸ್ಕಿಗೆ ಮರಳೋಣ. 1867ರ ವಸಂತದಲ್ಲಿ ದಂಪತಿಗಳು ಸಾಲಗಾರರಿಂದ ತಪ್ಪಿಸಿಕೊಂಡು ದೇಶ ಬಿಟ್ಟರು. ಮೂರು ತಿಂಗಳ ಪ್ರವಾಸವೆಂದು ಹೊರಟದ್ದು ನಾಲ್ಕು ವರ್ಷವಾಯಿತು. ಹೆಂಡತಿಯನ್ನು ಡ್ರೆಸ್‌ಡೆನ್‌ನಲ್ಲಿ ಬಿಟ್ಟು ಹೋಂಬುರ್ಗ್‌ಗೆ ಹೋದ. ಆ ಒಂಟಿ ಸೊನ್ನೆಯ, ಉದಾರಿ ಎಂದು ಹೆಸರಾದ ಚಕ್ರದ ಮುಂದೆಯೇ ಹತ್ತು ದಿನ ಕುಳಿತು ಎಲ್ಲ ಕಳೆದ. ಅಲ್ಲಿಂದ ಬಾಡೆನ್-ಬಾಡೆನ್, ಈ ಸಲ ಆನ್ನಾ ಜೊತೆಗಿದ್ದಳು. ಗರ್ಭಿಣಿ. ಏಳು ವಾರದ ಆ ವಾಸದ ಕಥೆ ಆಕೆಯ ದಿನಚರಿಯಿಂದ ತಿಳಿಯುತ್ತದೆ. ಗಂಡನಿಗೆ ಓದಲು ಬರದ ಶೀಘ್ರಲಿಪಿಯಲ್ಲಿ ಬರೆದಿಟ್ಟಿದ್ದಳು. ಅವನು ಹೋಗುತ್ತಿದ್ದ, ಸೋಲುತ್ತಿದ್ದ, ಬಂದು ಆಕೆಯ ಕಾಲು ಹಿಡಿದು ಅಳುತ್ತಿದ್ದ, ಮತ್ತೆ ಹಣ ಕೇಳುತ್ತಿದ್ದ. ಮದುವೆಗೆ ತಾನೇ ಉಡುಗೊರೆ ಕೊಟ್ಟಿದ್ದ ಬ್ರೋಚು, ಓಲೆ ಗಿರವಿಗೆ ಹೋದವು. ಮದುವೆಯ ಉಂಗುರಗಳು ಹೋದವು. ಉಡುಪುಗಳೂ ಹೋದವು. ಕೆಲವು ಸಲ ಗೆದ್ದು ಬಿಡಿಸಿಕೊಂಡು ಬರುತ್ತಿದ್ದ, ಒಂದೆರಡು ದಿನಕ್ಕೆ ಅವೇ ಮತ್ತೆ ಗಿರವಿಗೆ ಹೋಗುತ್ತಿದ್ದವು. ಮುಂದಿನ ವರ್ಷ ಜಿನೀವಾದಲ್ಲಿ ಹುಟ್ಟಿದ ಮಗಳು ಸೋಫಿಯಾ ಮೂರು ತಿಂಗಳಲ್ಲಿ ತೀರಿಕೊಂಡಳು.

ಆನ್ನಾ ಯಾಕೆ ಬೈಯಲಿಲ್ಲ, ಯಾಕೆ ಹಣ ಕೊಡುತ್ತಾ ಹೋದಳು ಎಂದು ನನ್ನ ಹೆಂಡತಿ ಕೇಳಿದ್ದುಂಟು. ಅದು ಅವನ ಇಚ್ಛಾಶಕ್ತಿಯ ಕೊರತೆಯಲ್ಲ, ಒಂದು ಕಾಯಿಲೆ ಎಂದು ಆಕೆ ಬೇಗನೇ ಅರ್ಥಮಾಡಿಕೊಂಡಿದ್ದಳು. ಹಾಗೆಂದು ಅದನ್ನು ಹೊಗಳುವುದಕ್ಕೆ ನನಗೆ ಮನಸ್ಸು ಬಾರದು. ಒಡವೆ ಹೋದದ್ದು ಆಕೆಯದು.

1871ರ ಏಪ್ರಿಲ್. ಡ್ರೆಸ್‌ಡೆನ್‌ನಲ್ಲಿ ವಾಸ. ಬರವಣಿಗೆ ಮುಂದೆ ಸಾಗದೆ ಗಂಡ ಕುಗ್ಗಿದ್ದನ್ನು ನೋಡಿ ಆನ್ನಾ ತಾನೇ ಒಂದಿಷ್ಟು ಹಣ ಕೊಟ್ಟು ವೀಸ್ಬಾಡೆನ್‌ಗೆ ಕಳಿಸಿದಳು. ಎಂದಿನಂತೆ ಸೋತ. ಊರಿಗೆ ಮರಳಲು ಆಕೆ ಕಳಿಸಿದ ಮೂವತ್ತು ಥಾಲರನ್ನೂ ಸೋತ. ಆ ರಾತ್ರಿ ಕತ್ತಲಲ್ಲಿ ರಷ್ಯನ್ ಚರ್ಚಿನ ಪಾದ್ರಿಯನ್ನು ಹುಡುಕಿಕೊಂಡು ಓಡಿದ. ದಾರಿ ತಪ್ಪಿ, ಚರ್ಚೆಂದುಕೊಂಡು ತಲುಪಿದ್ದು ಯೆಹೂದ್ಯರ ಪ್ರಾರ್ಥನಾ ಮಂದಿರ. ತಣ್ಣೀರು ಸುರಿದಂತಾಗಿ ಹಿಂದಿರುಗಿದ. ಹಿಂದಿನ ದಿನಗಳಲ್ಲಿ ಕನಸಿನಲ್ಲಿ ಸತ್ತ ತಂದೆಯನ್ನು ಕಂಡಿದ್ದ. ಇಪ್ಪತ್ನಾಲ್ಕರ ಹೆಂಡತಿಯನ್ನು ತಲೆಯೆಲ್ಲ ನರೆತಂತೆ ಕಂಡಿದ್ದ. ರಾತ್ರಿಯೇ ಆಕೆಗೆ ಪತ್ರ ಬರೆದು, ಹತ್ತು ವರ್ಷ ತನ್ನನ್ನು ಕಾಡಿದ ಭ್ರಮೆ ಹೋಯಿತು, ಇನ್ನು ಮುಂದೆ ಜೂಜಿಲ್ಲ ಎಂದು ತಿಳಿಸಿದ. ಆಕೆ ನಂಬಲಿಲ್ಲ. ಅಂಥ ಮಾತನ್ನು ಎಷ್ಟು ಸಲ ಕೇಳಿದ್ದಳೋ. ಆದರೆ ಈ ಸಲ ಅದು ನಿಜವಾಯಿತು. ಮತ್ತೆ ಅವನು ಆಡಲೇ ಇಲ್ಲ.

ಜರ್ಮನಿಯ ಜೂಜುಗೃಹಗಳನ್ನೆಲ್ಲ 1872ರ ಕೊನೆಗೆ ಮುಚ್ಚಿಸಿದರು, ಹಾಗಾಗಿ ಬಿಟ್ಟ ಎನ್ನುವವರಿದ್ದಾರೆ. ಅದಕ್ಕೆ ಇನ್ನೂ ಒಂದೂವರೆ ವರ್ಷಕ್ಕೂ ಹೆಚ್ಚು ಸಮಯವಿತ್ತು. ಆಮೇಲೂ ಮಾಂಟೆ ಕಾರ್ಲೋದಲ್ಲಿ ಬ್ಲಾಂಕನ ಚಕ್ರ ತಿರುಗುತ್ತಲೇ ಇತ್ತು. ಚಿಕಿತ್ಸೆಗೆಂದು ದಾಸ್ತೋವ್‌ಸ್ಕಿ ಮತ್ತೆ ಮತ್ತೆ ಜರ್ಮನಿಯ ಎಮ್ಸ್‌ಗೆ ಹೋಗಿ ಬರುತ್ತಿದ್ದ. ಬೇಕೆಂದಿದ್ದರೆ ಇನ್ನೂ ಮುಂದಕ್ಕೆ ರೈಲು ಹತ್ತಬಹುದಿತ್ತು. ನನಗೆ ಮುಖ್ಯವೆನಿಸುವುದು, ಅವನು ಕಡಿಮೆ ಸೊನ್ನೆಯ ಮೇಜಿಗೆ ಬದಲಾಗಲಿಲ್ಲ, ಪಣ ಸಣ್ಣದು ಮಾಡಿಕೊಳ್ಳಲಿಲ್ಲ, ತಲೆ ತಣ್ಣಗಿಟ್ಟು ಆಡುತ್ತೇನೆ ಎನ್ನಲಿಲ್ಲ. ಎದ್ದು ಬಂದ.

ಅದೇ ವರ್ಷ ಪೀಟರ್ಸ್‌ಬರ್ಗಿಗೆ ಮರಳಿದರು. 1873ರಲ್ಲಿ ಆನ್ನಾ ಗಂಡನ ಪುಸ್ತಕವನ್ನು ತಾನೇ ಅಚ್ಚುಹಾಕಿಸಿ ಮನೆಯಿಂದಲೇ ಮಾರಲು ಶುರುಮಾಡಿದಳು. ಲೆಕ್ಕಪತ್ರವೆಲ್ಲ ಆಕೆಯದೇ. ವರ್ಷಾನುಗಟ್ಟಲೆ ಸಾಲ ತೀರಿಸಿದಳು. ಅಣ್ಣನ ಕಾಲದ ಸಾಲ ತೀರುವ ಹೊತ್ತಿಗೆ ದಾಸ್ತೋವ್‌ಸ್ಕಿಯ ಆಯುಷ್ಯವೂ ತೀರುತ್ತಾ ಬಂದಿತ್ತು. ಕರಮಝೋವ್ ಸಹೋದರರು ಮುಗಿಸಿದ ಮರುವರ್ಷ, 1881ರಲ್ಲಿ, ತೀರಿಕೊಂಡ. ಹೆಣದ ಹಿಂದೆ ಸಾವಿರಾರು ಜನ ನಡೆದರು. ಆನ್ನಾ ಮತ್ತೆ ಮದುವೆಯಾಗಲಿಲ್ಲ. 1918ರವರೆಗೆ ಬದುಕಿ, ಅವನ ಕಾಗದಪತ್ರಗಳನ್ನೆಲ್ಲ ಜೋಪಾನ ಮಾಡಿದಳು. ಬಾಡೆನ್-ಬಾಡೆನ್‌ನ ದಿನಚರಿಯೂ ಹಾಗೆ ಉಳಿದುಕೊಂಡಿತು.

ನಮ್ಮ ಹುಡುಗ ಅವತ್ತು ರಾತ್ರಿ ನಮ್ಮಲ್ಲೇ ಉಂಡು ಮಲಗಿದ. ಬೆಳಿಗ್ಗೆ ಅವನನ್ನು ಕರೆದುಕೊಂಡು ಅವನ ಮನೆಗೆ ಹೋದೆ. ಸರದ ವಿಚಾರವನ್ನು ತಾಯಿಗೆ ಅವನೇ ಹೇಳಿದ. ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ನಮಗೆ ರೊಟ್ಟಿ ತಟ್ಟಲು ಹೋದರು. ಮೊಬೈಲಿನಿಂದ ಅದನ್ನು ತೆಗೆಸಿದ್ದೇವೆ, ಸಂಬಳ ತಾಯಿಯ ಖಾತೆಗೆ ಹೋಗುವಂತೆ ಮಾಡಿದ್ದೇವೆ. ಹೆಸರು ಹಾಕದೆ ಇದನ್ನು ಬರೆಯಲು ಅವನೇ ಒಪ್ಪಿಗೆ ಕೊಟ್ಟ. ಪ್ರತಿ ತಿಂಗಳು ಗಿರವಿಯ ಕಂತು ಕಟ್ಟಿದ ರಸೀದಿಯ ಫೋಟೋ ನನಗೆ ಕಳಿಸುತ್ತಾನೆ. ಇದನ್ನು ಅಚ್ಚಿಗೆ ಕೊಡುವ ಹೊತ್ತಿಗೆ ಇನ್ನು ನಾಲ್ಕು ಕಂತು ಬಾಕಿಯಿವೆ.